ಪಟ್ಟಿಯಲ್ಲಿ ಇಲ್ಲದ ಹೆಸರು

ಕಳೆದ ಮಳೆಗಾಲದ ಒಂದು ಭಾನುವಾರ, ಆರಾಧನೆ ಮುಗಿದ ಮೇಲೆ ನಮ್ಮ ಸಭೆಯ ಹಿರಿಯರೊಬ್ಬರು ನನ್ನನ್ನು ಕರೆದು, "ಟೀಚರ್, ನಿಮ್ಮ ಸಂಡೇ ಸ್ಕೂಲಿನ ಮಕ್ಕಳಲ್ಲಿ ಮುಂದೆ ಸಭೆ ನಡೆಸುವಂಥವರು ಯಾರಿದ್ದಾರೆ? ಎರಡು ಮೂರು ಹೆಸರು ಬರೆದು ಕೊಡಿ. ದೇವಶಾಸ್ತ್ರ ಓದಲಿಕ್ಕೆ ಈಗಿಂದಲೇ ತಯಾರು ಮಾಡುವ" ಎಂದರು. ಇಷ್ಟು ವರ್ಷ ಮಕ್ಕಳ ಹಾಜರಿ ಕರೆದವಳಿಗೆ ಇದೇನು ಕಷ್ಟ ಎಂದುಕೊಂಡು ಮನೆಗೆ ಬಂದು ಮೂರು ಹೆಸರು ಬರೆದೆ. ಬರೆದಾದ ಮೇಲೆ ನೋಡಿದರೆ ಮೂರೂ ಹುಡುಗರವೇ!

ಹೀಗೆ ಹೆಸರು ಹುಡುಕುವ ಕೆಲಸ ನಮ್ಮ ಮಂಗಳೂರಿಗೆ ಹೊಸದಲ್ಲ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ ಪರವಾಗಿ ಇಲ್ಲಿಗೆ ಬಂದರು. ಎರಡು ವರ್ಷದ ಅನಂತರ ಬಂದವರು ಹೆರ್ಮನ್ ಮೊಗ್ಲಿಂಗ್. 1843ರಲ್ಲಿ 'ಮಂಗಳೂರ ಸಮಾಚಾರ' ಎಂಬ ಮೊದಲ ಕನ್ನಡ ಪತ್ರಿಕೆ ತಂದವರೆಂದು ಅವರನ್ನು ನಾವೆಲ್ಲ ಬಲ್ಲೆವು. ಆದರೆ ಟೀಚರಾದ ನನಗೆ ಹತ್ತಿರವೆನಿಸುವುದು ಹುಡುಗರಿಗೆ ಪಾಠ ಹೇಳಿದ ಮೊಗ್ಲಿಂಗ್. ಹೊರಗಿನಿಂದ ಬಂದವರು ಎಂದೆಂದಿಗೂ ಸಭೆ ನಡೆಸಲಾರರು, ಈ ನೆಲದ ಮಕ್ಕಳೇ ನಡೆಸಬೇಕು ಎಂಬುದು ಅವರಿಗೆ ತಿಳಿದಿತ್ತು.

ಅವರ ಶಿಷ್ಯರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಸಾರಸ್ವತ ತರುಣನೊಬ್ಬ. 1844ರಲ್ಲಿ ದೀಕ್ಷಾಸ್ನಾನ ಪಡೆದಾಗ ಆತನಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಬಂಧುಬಳಗ ದೂರವಾಯಿತು. 1846ರಲ್ಲಿ ಗುರುಶಿಷ್ಯರಿಬ್ಬರೂ ಹಡಗು ಹತ್ತಿ ಬಾಸೆಲಿಗೆ ಹೋದರು. 1851ರಲ್ಲಿ ಕೌಂಡಿನ್ಯರು ಗುರುದೀಕ್ಷೆ ಪಡೆದು ಊರಿಗೆ ಮರಳಿದರು. ಬಾಸೆಲ್ ಮಿಷನ್ನಿನಲ್ಲಿ ಆ ದೀಕ್ಷೆ ಪಡೆದ ಮೊದಲ ಭಾರತೀಯ ಅವರು. ಮರಳಿ ಬಂದವರು ಮಂಗಳೂರಿನ ಸೆಮಿನರಿಯಲ್ಲಿ ತಾವೇ ಪಾಠ ಹೇಳಿ ಉಪದೇಶಿಗಳನ್ನು ತಯಾರು ಮಾಡಿದರು. ಆ ಸೆಮಿನರಿ ಶುರುವಾದದ್ದು 1847ರಲ್ಲಿ.

ಒಬ್ಬನನ್ನು ಗುರುತಿಸಿ, ಓದಿಸಿ, ಸಮುದ್ರ ದಾಟಿಸಿ ತಂದದ್ದು ದೊಡ್ಡ ಮಾತೇ. ಆದರೆ ಆಡಳಿತದ ಚುಕ್ಕಾಣಿ ಮಾತ್ರ ಬಹುಕಾಲ ಯುರೋಪಿನವರ ಕೈಯಲ್ಲೇ ಉಳಿಯಿತು. ಅದು ಸಡಿಲವಾದದ್ದು 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ. ಬ್ರಿಟಿಷ್ ಸರಕಾರ ಜರ್ಮನ್ ಮಿಷನರಿಗಳನ್ನು ಬಂಧಿಸಿ ಆಮೇಲೆ ದೇಶದಿಂದ ಕಳಿಸಿತು. ಆಗ ಊರಿನ ಪಾದ್ರಿಗಳು, ಉಪದೇಶಿಗಳು ಹೆಗಲು ಕೊಡಲೇಬೇಕಾಯಿತು. ಕೊಟ್ಟರು, ಸಭೆಗಳು ಬಿದ್ದುಹೋಗಲಿಲ್ಲ. ಮಕ್ಕಳು ಯಾವಾಗಲೋ ಬೆಳೆದಿದ್ದರು, ಹಿರಿಯರು ನೋಡಿರಲಿಲ್ಲ ಅಷ್ಟೇ. ನಮ್ಮ ಮನೆಗಳಲ್ಲೂ ಸೊಸೆಗೆ ಬೀಗದ ಕೈ ಸಿಗುವುದು ಅತ್ತೆ ಹಾಸಿಗೆ ಹಿಡಿದ ಮೇಲೆಯೇ ಅಲ್ಲವೇ?

ಹಾಗೆ ತಯಾರಾದವರು ಸಭೆಗಷ್ಟೇ ಮುಡಿಪಾಗಲಿಲ್ಲ. ಇದೇ ಸೆಮಿನರಿಯಲ್ಲಿ ಕಲಿತು ಪಾದ್ರಿಯಾದ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ವಚನಗಳನ್ನು ಕೂಡಿಸಿ 1924ರಲ್ಲಿ ಅಚ್ಚು ಹಾಕಿಸಿದರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಮುಂದೆ 1965ರಲ್ಲಿ ನಮ್ಮ ಸೆಮಿನರಿಯೂ ತುಮಕೂರಿನ ಸೆಮಿನರಿಯೂ ಒಂದಾಗಿ ಬಲ್ಮಠದಲ್ಲಿ ಕರ್ನಾಟಕ ಥಿಯೋಲಾಜಿಕಲ್ ಕಾಲೇಜು ಆಯಿತು.

ಈ ಚರಿತ್ರೆಯಲ್ಲಿ ಹೆಂಗಸರು ಎಲ್ಲಿ? ಬೈಬಲ್ ಸ್ತ್ರೀಯರೆಂದು ಮನೆಮನೆಗೆ ನಡೆದವರಿದ್ದರು, ಹೆಣ್ಣುಮಕ್ಕಳ ಶಾಲೆಗಳಲ್ಲಿ ಕಲಿಸಿದವರಿದ್ದರು. ಅವರ ಹೆಸರು ಕೇಳಿದರೆ ಹೇಳುವವರು ಕಡಿಮೆ. ಕಾಲ ಬದಲಾಗಿಲ್ಲವೆಂದಲ್ಲ. ನಾವು ಸೇರಿರುವ ದಕ್ಷಿಣ ಭಾರತ ಸಭೆಯಲ್ಲಿ 2013ರಲ್ಲಿ ಎಗ್ಗೋನಿ ಪುಷ್ಪಲಲಿತ ಎಂಬವರು ಆಂಧ್ರದ ನಂದ್ಯಾಲದ ಬಿಷಪರಾದರು. ಬಾಗಿಲು ತೆರೆದಿದೆ, ಪಟ್ಟಿ ಬರೆಯುವ ನನ್ನಂಥವರ ಕೈಯೇ ಹಳೆಯ ಅಭ್ಯಾಸ ಬಿಟ್ಟಿಲ್ಲ.

ಆ ರಾತ್ರಿ ನನ್ನ ಕಣ್ಣ ಮುಂದೆ ಬಂದದ್ದು ಹತ್ತನೆಯ ತರಗತಿಯ ಒಬ್ಬ ಹುಡುಗಿ. ಸಣ್ಣ ಮಕ್ಕಳು ಅತ್ತರೆ ಎತ್ತಿಕೊಳ್ಳುವವಳು, ಬಾರದ ಮಗುವಿನ ಮನೆಗೆ ವಿಚಾರಿಸಲು ಹೋಗುವವಳು ಅವಳೇ. ಒಮ್ಮೆ ನನ್ನನ್ನು ಕೇಳಿದ್ದಳು, "ಟೀಚರ್, ಬಲ್ಮಠದಲ್ಲಿ ಹುಡುಗಿಯರಿಗೂ ಓದ್ಲಿಕ್ಕೆ ಉಂಟಲ್ಲ?" "ಉಂಟು" ಎಂದು ಹೇಳಿ ಹಾಜರಿ ಪುಸ್ತಕ ಮುಚ್ಚಿದ್ದೆ. ಹದಿನಾರರಲ್ಲಿ ನಾನೂ ಇಂಥದೇ ಪ್ರಶ್ನೆ ಕೇಳಿದ್ದೆ. "ನಿನಗೆ ಬಿ.ಎಡ್. ಸಾಕು ಮಗಾ" ಎಂದಿದ್ದರು ದೊಡ್ಡವರು. ಟೀಚರ್ ಆದದ್ದಕ್ಕೆ ನನಗೆ ಬೇಸರವಿಲ್ಲ. ಆದರೆ ಅಂದು ಯಾರಾದರೂ "ನಿನಗೇಕೆ ಹಾಗನ್ನಿಸಿತು?" ಎಂದು ಕೂರಿಸಿ ಕೇಳಿದ್ದರೆ ಎಂದು ಈಗಲೂ ಅನ್ನಿಸುವುದುಂಟು.

ಮರುದಿನ ಸಂಜೆ ಅವಳ ಮನೆಗೆ ಹೋದೆ. ತಾಯಿ ಚಹಾ ಕೊಟ್ಟು, "ಟೀಚರ್, ನಾಳೆ ಇವಳಿಗೆ ಗಂಡು ಸಿಗುವುದು ಕಷ್ಟ ಆದರೆ?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. "ಈಗಲೇ ಬೇಡವೆನ್ನಬೇಡಿ, ಅವಳನ್ನೂ ಒಂದು ಮಾತು ಕೇಳುವ" ಎಂದೆ. ತಾಯಿ ಬಹಳ ಹೊತ್ತು ಸುಮ್ಮನಿದ್ದು ಮಗಳನ್ನು ಒಳಗಿನಿಂದ ಕರೆದರು.

ಮುಂದಿನ ಭಾನುವಾರ ಹಿರಿಯರಿಗೆ ಕೊಟ್ಟ ಪಟ್ಟಿಯಲ್ಲಿ ನಾಲ್ಕು ಹೆಸರುಗಳಿದ್ದವು, ಅವಳದು ಮೊದಲನೆಯದು. ಅವರು ಓದಿ, ಏನೂ ಹೇಳದೆ ಜೇಬಿಗೆ ಹಾಕಿಕೊಂಡರು. ಮತ್ತೆ ಕೇಳಲು ನಾನಿದ್ದೇನೆ.