ರೈಲು ಹತ್ತಬಾರದೆಂದ ಕಾಯಿಲೆ

ಮೈಲಾಪೂರಿಗೆ ಬಂದು ನೆಲೆಸಿ ಬಹಳ ವರ್ಷವಾಯಿತು. ಜನರಲ್ ಆಸ್ಪತ್ರೆಗೆ ಹೋಗಬೇಕೆಂದರೆ ತಿರುಮೈಲೈ ಸ್ಟೇಷನ್ನಿನಲ್ಲಿ ರೈಲು ಹತ್ತಿ ಪಾರ್ಕ್ ಟೌನಿನಲ್ಲಿ ಇಳಿಯುತ್ತಿದ್ದೆ. ಆಸ್ಪತ್ರೆಯ ಹತ್ತಿರವೇ 1837ರ ಸೆಂಟ್ರಲ್ ಜೈಲು ಇತ್ತು. 2006ರಲ್ಲಿ ಕೈದಿಗಳನ್ನು ಪುಳಲ್‌ಗೆ ಸಾಗಿಸಿ, 2009ರಲ್ಲಿ ಅದನ್ನು ಕೆಡವಿದರು. ಈಗ ಅಲ್ಲಿ ಮದ್ರಾಸ್ ಮೆಡಿಕಲ್ ಕಾಲೇಜಿನ ಕಟ್ಟಡಗಳಿವೆ. ಜೈಲಿದ್ದ ಜಾಗದಲ್ಲಿ ಡಾಕ್ಟರುಗಳು ತಯಾರಾಗುತ್ತಿದ್ದಾರೆ ನೋಡಿ! ಆ ಕಡೆ ಹೋದಾಗಲೆಲ್ಲ ನನಗೆ ಸುಬ್ರಹ್ಮಣ್ಯ ಶಿವ ನೆನಪಾಗುತ್ತಾರೆ.

ತಮಿಳರಿಗೆಲ್ಲ ಗೊತ್ತಿರುವ ಈ ಹೆಸರು ನಮ್ಮವರು ಅನೇಕರಿಗೆ ಗೊತ್ತಿಲ್ಲ. 1908ರಲ್ಲಿ ತೂತ್ತುಕುಡಿಯ ಗಿರಣಿ ಕಾರ್ಮಿಕರ ಮುಷ್ಕರದ ನಂತರ ಚಿದಂಬರಂ ಪಿಳ್ಳೈಯವರ ಜೊತೆ ಇವರನ್ನೂ ರಾಜದ್ರೋಹದ ಆಪಾದನೆಯ ಮೇಲೆ ಹಿಡಿದರು. ಆಗ ಅವರಿಗೆ 23 ವರ್ಷ. ಮದ್ರಾಸ್ ಜೈಲು, ಆಮೇಲೆ ಸೇಲಂ ಜೈಲು. 1912ರಲ್ಲಿ ಬಿಡುಗಡೆಯಾಗುವಾಗ ಮೈಗೆ ಕುಷ್ಠರೋಗ ಹತ್ತಿತ್ತು.

ಶಿಕ್ಷೆ ಅಲ್ಲಿಗೆ ಮುಗಿಯಲಿಲ್ಲ. ಕಾಯಿಲೆ ಬಲಿತ ಮೇಲೆ ರೈಲಿನಲ್ಲಿ ಓಡಾಡಬಾರದೆಂದು ಸರಕಾರದ ಆಜ್ಞೆಯಾಯಿತು. ಹುಣ್ಣಾದ ಕಾಲಿನಲ್ಲೇ ಊರೂರು ನಡೆದು ಭಾಷಣ ಮಾಡಿದರು. 1925ರಲ್ಲಿ ಧರ್ಮಪುರಿ ಬಳಿಯ ಪಾಪ್ಪಾರಪಟ್ಟಿಯಲ್ಲಿ ತೀರಿಕೊಂಡಾಗ ವಯಸ್ಸು ಬರೀ 40.

ರೋಗ ಜೈಲಿನಲ್ಲೇ ಅಂಟಿತೆಂದು ಎಲ್ಲರೂ ಹೇಳುತ್ತಾರೆ. ಆದರೆ ಕುಷ್ಠದ ರೋಗಾಣು ಮೈಹೊಕ್ಕು ಲಕ್ಷಣ ತೋರಲು ಸರಾಸರಿ 5 ವರ್ಷ, ಕೆಲವೊಮ್ಮೆ 20 ವರ್ಷವೂ ಬೇಕು. ಹಾಗಾಗಿ ಮೊದಲೇ ಒಳಗಿದ್ದದ್ದು ಜೈಲಿನಲ್ಲಿ ಹೊರಬಿದ್ದಿರಲೂಬಹುದು. ಎಲ್ಲಿ ಅಂಟಿತು ಅನ್ನುವುದಕ್ಕಿಂತ, ಅಂಟಿದವರನ್ನು ಹೇಗೆ ನೋಡಿಕೊಂಡರು ಅನ್ನುವುದೇ ನನಗೆ ದೊಡ್ಡ ಪ್ರಶ್ನೆ. ಆಗ ಇದಕ್ಕೆ ಖಚಿತವಾದ ಮದ್ದಿರಲಿಲ್ಲ, ನಿಜ. ಆದರೆ ರೈಲಿನಿಂದ ಇಳಿಸುವುದು ಮದ್ದಲ್ಲವಲ್ಲ!

ಇವತ್ತು ಕುಷ್ಠಕ್ಕೆ 6ರಿಂದ 12 ತಿಂಗಳ ಮಾತ್ರೆ ಸಾಕು, ಅದೂ ಉಚಿತ. ಜೈಲುಗಳಲ್ಲಿ ಈಗ ಹೆಚ್ಚು ಕಾಡುವುದು ಕಜ್ಜಿ, ಹುಳುಕಡ್ಡಿಯಂಥವು. ಕಜ್ಜಿಯ ಹುಳ ಮೈಗೆ ಮೈ ತಾಗಿ ಹರಡುತ್ತದೆ, ರಾತ್ರಿ ನಿದ್ದೆಗೆಡಿಸುತ್ತದೆ. ತುರಿಸಿಕೊಳ್ಳುವ ಒಬ್ಬನಿಗೆ ಮುಲಾಮು ಕೊಟ್ಟರೆ ಸಾಲದು. ಒಂದೇ ಕೋಣೆಯಲ್ಲಿ ಮಲಗುವ ಅಷ್ಟೂ ಜನಕ್ಕೆ ಒಟ್ಟಿಗೆ ಹಚ್ಚಬೇಕು, ಬಟ್ಟೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆಯಬೇಕು. ಇಲ್ಲದಿದ್ದರೆ ವಾಸಿಯಾದವನಿಗೆ ಪಕ್ಕದವನಿಂದ ಮತ್ತೆ ಬರುತ್ತದೆ. ನಾವೋ, ಕೈದಿ ಗಲೀಜು ಅಂತ ಸುಲಭವಾಗಿ ಅಂದುಬಿಡುತ್ತೇವೆ. ಜಾಗ, ನೀರು, ಸೋಪು ಯಾವುದೂ ಅವನ ಕೈಯಲ್ಲಿಲ್ಲ.

ಹೊರಗಿನವರಿಗೆ ಸಿಗುವಂಥ ಚಿಕಿತ್ಸೆಯೇ ಕೈದಿಗಳಿಗೂ ಸಿಗಬೇಕೆಂದು 2015ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಂಡೇಲಾ ನಿಯಮಗಳು ಹೇಳುತ್ತವೆ. ಕೋರ್ಟು ವಿಧಿಸುವುದು ಇಷ್ಟು ವರ್ಷ ಸೆರೆ ಅಂತ ಮಾತ್ರ. ಅದರ ಜೊತೆಗೆ ಚರ್ಮದ ಕಾಯಿಲೆಯನ್ನೂ ಅನುಭವಿಸು ಅಂತ ಯಾವ ತೀರ್ಪಿನಲ್ಲೂ ಬರೆದಿರುವುದಿಲ್ಲ.

ಬೆಂಗಳೂರಿನಿಂದ ಹೊಸೂರು ದಾಟಿ ಧರ್ಮಪುರಿ ಕಡೆ ಹೋಗುವವರು ಪಾಪ್ಪಾರಪಟ್ಟಿಯಲ್ಲಿರುವ ಶಿವ ಅವರ ಸ್ಮಾರಕವನ್ನೊಮ್ಮೆ ನೋಡಿ ಬನ್ನಿ.