ಕಳಚಿಟ್ಟ ಇಂಜೆಕ್ಷನ್, ಮರಳಿ ಬಂದ ಕಾರ್ಬುರೇಟರ್

ಮೋಟಾರು ವಾಹನಗಳ ಇತಿಹಾಸವನ್ನು ಬರೆಯುವವರು ಕಾರ್ಬುರೇಟರನ್ನು ಹಿಂದಿನ ಯುಗದ ಸಾಧನವೆಂದೂ ಇಂಧನ ಇಂಜೆಕ್ಷನ್ನನ್ನು ಅದರ ಉತ್ತರಾಧಿಕಾರಿಯೆಂದೂ ಭಾವಿಸುವುದು ವಾಡಿಕೆ. ಆದರೆ ಅಮೆರಿಕದ ಡೆಟ್ರಾಯಿಟ್ ಕಾರ್ಖಾನೆಗಳ 1950ರ ದಶಕದ ಅನುಭವವನ್ನು ನೋಡಿದರೆ ಈ ವಂಶಾವಳಿ ಅಷ್ಟು ನೇರವಾಗಿರಲಿಲ್ಲ. ವಿದ್ಯುನ್ಮಾನ ಇಂಜೆಕ್ಷನ್ ಹೊತ್ತ ಮೊದಲ ಕಾರುಗಳು ಗ್ರಾಹಕರ ಕೈಸೇರಿದ ಬೆನ್ನಿಗೇ ಅದನ್ನು ಕಳಚಿ ಕಾರ್ಬುರೇಟರ್ ಕೂರಿಸುವ ಕೆಲಸವೂ ಶುರುವಾಯಿತು, ಮತ್ತು ಆ ಕೆಲಸವನ್ನು ಮೊದಲು ಮಾಡಿದವರು ಹಳೆಯದರ ವ್ಯಾಮೋಹಿಗಳಲ್ಲ, ಕಾರನ್ನು ಮಾರಿದ ಡೀಲರುಗಳೇ.

ಕಾರ್ಬುರೇಟರ್ ಎಂದರೆ ಎಂಜಿನ್ನು ಒಳಗೆಳೆದುಕೊಳ್ಳುವ ಗಾಳಿಯ ಸೆಳೆತದಿಂದಲೇ ಪೆಟ್ರೋಲನ್ನು ಹೀರಿಸಿ, ಹನಿಗಳಾಗಿ ಒಡೆದು, ಗಾಳಿಯೊಡನೆ ಬೆರೆಸುವ ಸಾಧನ. ಗಾಳಿಯ ದಾರಿಯಲ್ಲಿ ವೆಂಚುರಿ ಎಂಬ ಇಕ್ಕಟ್ಟಾದ ಕಂಠವಿದ್ದು, ಅಲ್ಲಿ ಗಾಳಿಯ ವೇಗ ಹೆಚ್ಚಿ ಒತ್ತಡ ಕುಸಿಯುವುದರಿಂದ ಪಕ್ಕದ ಬಟ್ಟಲಿನ ಪೆಟ್ರೋಲು ಜೆಟ್ ಎಂಬ ಸಣ್ಣ ರಂಧ್ರದ ಮೂಲಕ ಹೊರಚಿಮ್ಮುತ್ತದೆ. ಪೆಟ್ರೋಲು ಪೂರ್ಣವಾಗಿ ಉರಿಯಲು ಅದರ ಒಂದು ಪಾಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಈ ಪ್ರಮಾಣವನ್ನು ಕಾರ್ಬುರೇಟರ್ ಅಳೆಯುವುದಿಲ್ಲ, ಜೆಟ್ಟಿನ ಗಾತ್ರ ಮತ್ತು ಕಂಠದ ಆಕಾರದಿಂದ ಅಂದಾಜಿಸುತ್ತದೆ. ಅಂದಾಜು ತಪ್ಪಿದಾಗ ಸರಿಪಡಿಸಲು ಬೇಕಾದದ್ದು ಒಂದು ತಿರುಪುಳಿ, ಹೊಂದುವ ಅಳತೆಯ ಜೆಟ್ಟು ಮತ್ತು ಎಂಜಿನ್ನಿನ ಸದ್ದನ್ನು ಅರಿಯುವ ಕಿವಿ. ಇಂಜೆಕ್ಷನ್ನಿನಲ್ಲಿ ಹಾಗಲ್ಲ. ಅಲ್ಲಿ ಪಂಪು ಒತ್ತಡ ಕೊಟ್ಟು ನಳಿಕೆಯ ಮೂಲಕ ಪೆಟ್ರೋಲನ್ನು ಸಿಂಪಡಿಸುತ್ತದೆ, ಎಷ್ಟು ಸಿಂಪಡಿಸಬೇಕೆಂಬುದನ್ನು ಬೇರೊಂದು ಅಳತೆಯ ವ್ಯವಸ್ಥೆ ತೀರ್ಮಾನಿಸುತ್ತದೆ.

ಜನರಲ್ ಮೋಟಾರ್ಸ್ 1957ರ ಷೆವ್ರೊಲೆ ಕಾರ್ವೆಟ್‌ಗೆ ಕೊಟ್ಟ ರಾಚೆಸ್ಟರ್ ರ‍್ಯಾಮ್‌ಜೆಟ್ ಇಂಜೆಕ್ಷನ್ ಸಂಪೂರ್ಣ ಯಾಂತ್ರಿಕವಾದದ್ದು. 283 ಘನ ಅಂಗುಲದ ಎಂಜಿನ್ನಿನಿಂದ 283 ಅಶ್ವಶಕ್ತಿ ಎಂಬ ಜಾಹೀರಾತಿನ ಸಂಖ್ಯೆ ಇದರಿಂದಲೇ ಹುಟ್ಟಿತು, ಮತ್ತು ಆ ಸಂಖ್ಯೆಯ ಸೊಗಸು ಮಾರಾಟಕ್ಕೆ ನೆರವಾಗಿರಬೇಕೆಂದು ಊಹಿಸಬಹುದು. ಆದರೆ ಪೆಟ್ರೋಲಿನಲ್ಲಿ ಕಸ ಬಂದರೆ ಸೂಕ್ಷ್ಮ ನಳಿಕೆಗಳು ಕಟ್ಟಿಕೊಳ್ಳುತ್ತಿದ್ದವು. ಬಿಸಿಯಾದ ಎಂಜಿನ್ನನ್ನು ಮತ್ತೆ ಚಾಲೂ ಮಾಡುವುದು ಕಷ್ಟವಾಗುತ್ತಿತ್ತು. ದುರಸ್ತಿಗೆ ಬೇಕಾದ ತಿಳಿವಳಿಕೆ ಬಹುಪಾಲು ವರ್ಕ್‌ಶಾಪುಗಳಲ್ಲಿ ಇರಲಿಲ್ಲ. ಹೀಗಾಗಿ ಎಷ್ಟೋ ಮಾಲೀಕರು ಇಡೀ ಘಟಕವನ್ನು ಬಿಚ್ಚಿಸಿ, ಅದೇ ಎಂಜಿನ್ನಿಗೆ ಒಗ್ಗುವ ನಾಲ್ಕು ಕಂಠದ ಕಾರ್ಬುರೇಟರನ್ನು ಹಾಕಿಸಿಕೊಂಡರು. 1965ರಲ್ಲಿ ಕಾರ್ವೆಟ್‌ಗೆ 396 ಘನ ಅಂಗುಲದ ಕಾರ್ಬುರೇಟರ್ ಎಂಜಿನ್ 425 ಅಶ್ವಶಕ್ತಿಯೊಡನೆ, ಇಂಜೆಕ್ಷನ್ನಿಗಿಂತ ಕಡಿಮೆ ಬೆಲೆಗೆ ದೊರೆಯತೊಡಗಿದಾಗ ರ‍್ಯಾಮ್‌ಜೆಟ್‌ಗೆ ಉಳಿಯುವ ಕಾರಣವಿರಲಿಲ್ಲ. ಆ ವರ್ಷವೇ ಅದು ನಿಂತಿತು.

ಇದಕ್ಕಿಂತ ಕುತೂಹಲಕರವಾದದ್ದು ಬೆಂಡಿಕ್ಸ್ ಸಂಸ್ಥೆಯ ಎಲೆಕ್ಟ್ರೋಜೆಕ್ಟರ್ ಪ್ರಸಂಗ. ಇನ್ಲೆಟ್ ಮ್ಯಾನಿಫೋಲ್ಡಿನೊಳಗಿನ, ಅಂದರೆ ಸಿಲಿಂಡರುಗಳಿಗೆ ಗಾಳಿ ಹಂಚುವ ಕವಲುನಾಳದೊಳಗಿನ ಒತ್ತಡವನ್ನು ಗ್ರಹಿಸಿ, ಪ್ರತಿ ನಳಿಕೆಯ ಕವಾಟವನ್ನು ಎಷ್ಟು ಹೊತ್ತು ತೆರೆದಿಡಬೇಕೆಂದು ವಿದ್ಯುತ್ ಸಂಕೇತಗಳಿಂದ ನಿರ್ಧರಿಸುವ ಈ ವ್ಯವಸ್ಥೆ ಇಂದಿನ ಕಾರುಗಳ ಕಂಪ್ಯೂಟರ್ ನಿಯಂತ್ರಣದ ನೇರ ಪೂರ್ವಜ. ಅಮೆರಿಕನ್ ಮೋಟಾರ್ಸ್ 1957ರ ರ‍್ಯಾಂಬ್ಲರ್ ರೆಬೆಲ್‌ನಲ್ಲಿ ಇದನ್ನು ಕೊಡುವುದಾಗಿ ಘೋಷಿಸಿತಾದರೂ ಸಾರ್ವಜನಿಕರಿಗೆ ಮಾರಲಿಲ್ಲ. ಕ್ರೈಸ್ಲರ್ 1958ರಲ್ಲಿ ತನ್ನ 300ಡಿ, ಡಿಸೋಟೊ, ಡಾಡ್ಜ್ ಮತ್ತು ಪ್ಲಿಮತ್ ಕಾರುಗಳಲ್ಲಿ ಮಾರಿತು. ಅಂಥ ಕಾರುಗಳ ಒಟ್ಟು ಸಂಖ್ಯೆ ಸುಮಾರು 35 ಮಾತ್ರ. 300ಡಿ ಕಾರಿನಲ್ಲಿ ಎರಡು ಕಾರ್ಬುರೇಟರುಗಳು 380 ಅಶ್ವಶಕ್ತಿ ಕೊಡುತ್ತಿದ್ದರೆ ಇಂಜೆಕ್ಷನ್ನು 390 ಕೊಡುತ್ತಿತ್ತು, ಅಂದರೆ ಗಿಟ್ಟಿದ ಲಾಭ ಕೇವಲ 10. ಅಷ್ಟಕ್ಕಾಗಿ ಗ್ರಾಹಕರು ತೆತ್ತ ಬೆಲೆ ದೊಡ್ಡದು. ಅಂದಿನ ವಿದ್ಯುನ್ಮಾನ ಬಿಡಿಭಾಗಗಳಿಗೆ ಎಂಜಿನ್ನಿನ ಕಾವನ್ನೂ ಅದುರಾಟವನ್ನೂ ತಾಳುವ ಕಸುವಿರಲಿಲ್ಲ, ಕೆಟ್ಟಾಗ ಕಾರಣ ಹುಡುಕಬಲ್ಲ ಮೆಕ್ಯಾನಿಕ್ ಊರೂರಲ್ಲಿ ಸಿಗುತ್ತಿರಲಿಲ್ಲ. ಕೊನೆಗೆ ಅವುಗಳಲ್ಲಿ ಹೆಚ್ಚಿನವು ಡೀಲರುಗಳಲ್ಲಿಗೆ ಮರಳಿ, ಮಾಮೂಲು ಕಾರ್ಬುರೇಟರುಗಳನ್ನು ಹೊತ್ತು ಮನೆ ಸೇರಿದವು. ತಂತ್ರಜ್ಞಾನ ಸೋತಿತು ಎನ್ನುವುದಕ್ಕಿಂತ, ಅದನ್ನು ಪೊರೆಯಬೇಕಾದ ಕಸುಬು ಇನ್ನೂ ಹುಟ್ಟಿರಲಿಲ್ಲ ಎನ್ನುವುದು ಹೆಚ್ಚು ಸರಿ.

ಬೆಂಡಿಕ್ಸ್‌ನ ಪೇಟೆಂಟುಗಳ ಹಕ್ಕು ಮುಂದೆ ಜರ್ಮನಿಯ ಬಾಷ್ ಸಂಸ್ಥೆಗೆ ದೊರೆತು, ಅದೇ ತತ್ತ್ವ 1967ರಲ್ಲಿ ಡಿ-ಜೆಟ್ರಾನಿಕ್ ಎಂಬ ಹೆಸರಿನಲ್ಲಿ ಫೋಕ್ಸ್‌ವ್ಯಾಗನ್ 1600 ಕಾರಿನಲ್ಲಿ ನೆಲೆ ಕಂಡುಕೊಂಡಿತು. ಆದರೂ ಹಿಮ್ಮರಳುವ ಪರಿಪಾಠ ನಿಲ್ಲಲಿಲ್ಲ. ಡಿ-ಜೆಟ್ರಾನಿಕ್ ಇದ್ದ ಪೋರ್ಷೆ 914 ಕಾರುಗಳು ಹಳೆಯದಾದಂತೆ ಅನೇಕರು ಅವುಗಳಿಗೆ ವೆಬರ್ ಕಾರ್ಬುರೇಟರುಗಳನ್ನು ಹಾಕಿಸಿದರು.

ಇಂಜೆಕ್ಷನ್ ಕಡೆಗೂ ಗೆದ್ದದ್ದಕ್ಕೆ ಮುಖ್ಯ ಕಾರಣ ವೇಗವಲ್ಲ, ಹೊಗೆಯ ಕಾನೂನು. 1970ರ ಅಮೆರಿಕದ ಶುದ್ಧ ಗಾಳಿ ಕಾಯಿದೆಯ ಬಿಗಿ ಮಿತಿಗಳು ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಅನಿವಾರ್ಯಗೊಳಿಸಿದವು. ಮೂರು ಬಗೆಯ ಮಾಲಿನ್ಯವನ್ನು ಒಟ್ಟಿಗೆ ತಗ್ಗಿಸುವ ಕನ್ವರ್ಟರ್ ಕೆಲಸಮಾಡಲು ಗಾಳಿ ಮತ್ತು ಪೆಟ್ರೋಲಿನ ಪ್ರಮಾಣ ಸದಾ 14.7ರ ಆಸುಪಾಸಿನಲ್ಲೇ ಇರಬೇಕಾದ್ದರಿಂದ ಅಂದಾಜಿನ ಸಾಧನಕ್ಕೆ ಜಾಗ ಉಳಿಯಲಿಲ್ಲ. ಇದರೊಂದಿಗೆ ಇಂಜೆಕ್ಷನ್ ಕಳಚಿ ಕಾರ್ಬುರೇಟರ್ ಕೂರಿಸುವ ಪರಿವರ್ತನೆಯ ಅರ್ಥವೂ ಬದಲಾಯಿತು: ಡೀಲರನೇ ಮಾಡಿಕೊಡುತ್ತಿದ್ದ ದುರಸ್ತಿ ರಸ್ತೆಯ ಕಾರಿನಲ್ಲಿ ಕಾನೂನುಬಾಹಿರ ಕೆಲಸವಾಯಿತು, ಪಂದ್ಯದ ಕಾರುಗಳಿಗೂ ಹಳೆಯ ಕಾರುಗಳಿಗೆ ಹೊಸ ಎಂಜಿನ್ ಇಳಿಸುವ ಹವ್ಯಾಸಿಗಳಿಗೂ ಸೀಮಿತವಾಯಿತು. ಅಮೆರಿಕದ ಕಾರು ಪಂದ್ಯಗಳ ಸಂಸ್ಥೆ ನಾಸ್ಕಾರ್‌ನ ಪ್ರಧಾನ ಪಂದ್ಯಮಾಲೆ 2011ರವರೆಗೂ ಕಾರ್ಬುರೇಟರನ್ನೇ ಬಳಸಿದ್ದರಿಂದ ಆ ಕೈಚಳಕ ಅಳಿಯದೆ ಉಳಿಯಿತು.

ಈ ಹವ್ಯಾಸಿಗಳ ಅಚ್ಚುಮೆಚ್ಚಿನದು 1997ರ ಕಾರ್ವೆಟ್‌ನೊಂದಿಗೆ ಬಂದ ಎಲ್‌ಎಸ್ ವಂಶದ ಎಂಜಿನ್. ಅದಕ್ಕೆ ಕಾರ್ಬುರೇಟರ್ ಕೂರಿಸಲು ಕವಲುನಾಳವನ್ನು ಬದಲಿಸಬೇಕು, ಸುಮಾರು 58 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಒತ್ತಡ ಕೊಡುವ ಪಂಪನ್ನು ತೆಗೆದು ಏಳರ ಒಳಗಿನ ಒತ್ತಡದ್ದನ್ನು ಹಾಕಬೇಕು, ಇಲ್ಲವಾದರೆ ಬಟ್ಟಲಿನ ತೇಲುಗುಂಡು ಪೆಟ್ರೋಲನ್ನು ತಡೆಯಲಾರದೆ ಅದು ಉಕ್ಕಿ ಹರಿಯುತ್ತದೆ. ಇಷ್ಟು ಸುಲಭ. ತೊಡಕಿರುವುದು ಕಿಡಿಯಲ್ಲಿ: ಪ್ಲಗ್ಗುಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಈ ಎಂಜಿನ್ನಿನಲ್ಲಿ ಇಲ್ಲವೇ ಇಲ್ಲ, ಕಿಡಿಯ ಹೊತ್ತನ್ನು ನಿರ್ಧರಿಸುವುದೂ ಕಂಪ್ಯೂಟರೇ. ಆದ್ದರಿಂದ ಕಂಪ್ಯೂಟರನ್ನು ತೊರೆಯಲು ಹೊರಟವರಲ್ಲಿ ಹೆಚ್ಚಿನವರು ಕಿಡಿಗಾಗಿ ಇನ್ನೊಂದು ಪುಟ್ಟ ವಿದ್ಯುನ್ಮಾನ ಪೆಟ್ಟಿಗೆಯನ್ನು ಕೊಳ್ಳುತ್ತಾರೆ. ಅದೂ ಬೇಡವೆನ್ನುವ ಹಟವಾದಿಗಳು ಎಂಜಿನ್ನಿನ ಮುಂಭಾಗಕ್ಕೆ ಡಿಸ್ಟ್ರಿಬ್ಯೂಟರನ್ನು ಜೋಡಿಸಿಕೊಳ್ಳುತ್ತಾರೆ.

ಇತ್ತ 1950ರ ದಶಕದ ಕಾರ್ವೆಟ್‌ಗಳನ್ನು ಮೂಲರೂಪಕ್ಕೆ ತರುವವರು ಅಂದು ಬಿಚ್ಚಿ ಮೂಲೆಗೆಸೆದ ರ‍್ಯಾಮ್‌ಜೆಟ್ ಘಟಕಗಳನ್ನು ಹುಡುಕಿ, ಅವುಗಳ ಫಲಕದ ಸಂಖ್ಯೆ ಕಾರಿನ ವರ್ಷಕ್ಕೆ ಹೊಂದುತ್ತದೆಯೇ ಎಂದು ಪರೀಕ್ಷಿಸಿ, ಭಾರಿ ಬೆಲೆ ತೆತ್ತು ಕೊಳ್ಳುತ್ತಿದ್ದಾರೆ.