ಪಟವರ್ಧನರ ಮನೆತನ: ದೇವರು, ದತ್ತಕ, ಪಾಲು

ದಕ್ಷಿಣ ಮಹಾರಾಷ್ಟ್ರದ ಸಂಸ್ಥಾನಗಳ ಹಳೆಯ ನಕಾಶೆಯನ್ನು ಬಿಡಿಸಿ ನೋಡಿದವರಿಗೆ ಒಂದು ಸಂಗತಿ ವಿಚಿತ್ರವಾಗಿ ಕಾಣದಿರದು. ಕೃಷ್ಣಾತೀರದ ಸಾಂಗಲಿಗೆ ಗದಗಿನ ಆಚೆಯ ಶಿರಹಟ್ಟಿ ಸೇರಿದೆ, ಬೆಳಗಾವಿಗೆ ಅಂಟಿಕೊಂಡ ಶಹಾಪುರ ಸೇರಿದೆ, ತೇರದಾಳ ಸೇರಿದೆ. ಸಾಂಗಲಿಯಿಂದ ಆರು ಮೈಲು ದೂರದ ಮಿರಜದ ಹಿರಿಯ ಶಾಖೆಗೆ ಲಕ್ಷ್ಮೇಶ್ವರ, ಕಿರಿಯ ಶಾಖೆಗೆ ಗುಡಗೇರಿ. ಜಮಖಂಡಿಯವರಿಗೆ ದೂರದ ಕುಂದಗೋಳ. ಭೂಗೋಳದಿಂದಾಗಲಿ ಭಾಷೆಯಿಂದಾಗಲಿ ಈ ಹಂಚಿಕೆ ಅರ್ಥವಾಗುವುದಿಲ್ಲ. ಒಂದು ಅವಿಭಕ್ತ ಕುಟುಂಬದ ಅಣ್ಣತಮ್ಮಂದಿರು ಬೇರೆಯಾದ ಕಥೆಯೆಂದು ಓದಿದಾಗ ಮಾತ್ರ ಇದರ ಗಂಟು ಬಿಚ್ಚುತ್ತದೆ. ಆ ಕುಟುಂಬವೇ ಪಟವರ್ಧನರದು.

ಮನೆತನದ ಮೂಲಪುರುಷ ಹರಿಭಟ್ಟರು ರತ್ನಾಗಿರಿ ಸೀಮೆಯ ಕೋತವಡೆಯ ಚಿತ್ಪಾವನ ವೈದಿಕರು. ಗಣಪತಿಪುಳೆಯ ಗಣೇಶನನ್ನು ಕುರಿತು ಅವರು ತಪಸ್ಸು ಮಾಡಿದರೆಂಬುದು ಮನೆತನದ ನಂಬಿಕೆ. ಇಚಲಕರಂಜಿಯ ಘೋರ್ಪಡೆಯವರ ಉಪಾಧ್ಯಾಯರಾಗಿ ಅವರು ಘಟ್ಟದ ಮೇಲೆ ಬಂದರು. ತಂದೆಯ ಕೈಯಲ್ಲಿದ್ದುದು ದರ್ಭೆ. ಗೋವಿಂದ, ರಾಮಚಂದ್ರ, ತ್ರ್ಯಂಬಕರೆಂಬ ಮಕ್ಕಳು ಪೇಶ್ವೆಯ ದಂಡಿನಲ್ಲಿ ಖಡ್ಗ ಹಿಡಿದರು. 1760ರ ದಶಕದಲ್ಲಿ ಪೇಶ್ವೆ ಮಾಧವರಾಯರು ಮಿರಜದ ಕೋಟೆಯನ್ನೂ ದೊಡ್ಡ ಸರಂಜಾಮನ್ನೂ ಈ ಮನೆತನಕ್ಕೆ ವಹಿಸಿದರು. ಹೈದರನ ವಿರುದ್ಧ ಗಡಿ ಕಾಯುವುದು ಇದರ ಉದ್ದೇಶ. ಹೀಗಾಗಿ ಕನ್ನಡ ನಾಡು ಮೊದಲಿನಿಂದಲೂ ಅವರ ರಣಭೂಮಿಯಾಯಿತು. 1791ರಲ್ಲಿ ಅವರ ದಂಡಿನೊಡನೆ ಬಂದವರು ಶೃಂಗೇರಿ ಮಠವನ್ನು ಲೂಟಿಮಾಡಿದುದನ್ನು ನಮ್ಮ ನಾಡು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ.

ಆ ರಣಭೂಮಿ ಅವರ ಮನೆಯೊಳಗೂ ಬಂದು ಮುಟ್ಟಿತು. ಮಿರಜದ ಪಾಂಡುರಂಗರಾಯರು ಕುಂದಗೋಳದ ಬಳಿಯ ಸಂಶಿಯ ಕಾಳಗದಲ್ಲಿ ಹೈದರನ ಸೈನ್ಯಕ್ಕೆ ಸೆರೆಸಿಕ್ಕು, 1777ರಲ್ಲಿ ಶ್ರೀರಂಗಪಟ್ಟಣದ ಬಂಧನದಲ್ಲೇ ತೀರಿಕೊಂಡರು. ಅವರ ಮಗ ಚಿಂತಾಮಣರಾವ್ ಅಪ್ಪಾಸಾಹೇಬರಿಗೆ 1783ರಲ್ಲಿ ಮಿರಜದ ಗಾದಿ ಬಂದಾಗ ಇನ್ನೂ ಬಾಲ್ಯ. ಚಿಕ್ಕಪ್ಪ ಗಂಗಾಧರರಾಯರು ಪಾಲಕರಾಗಿ ನಿಂತರು. ಹುಡುಗ ಬೆಳೆದು ಅಧಿಕಾರ ಕೇಳುವ ಹೊತ್ತಿಗೆ ಚಿಕ್ಕಪ್ಪನಿಗೆ ಅದನ್ನು ಬಿಟ್ಟುಕೊಡುವ ಮನಸ್ಸಿರಲಿಲ್ಲ. ಜಗಳ ಬಲಿತು 1801ರ ಸುಮಾರಿಗೆ ಮನೆ ಒಡೆಯಿತು. ಕೋಟೆ ಚಿಕ್ಕಪ್ಪನಲ್ಲಿ ಉಳಿಯಿತು. ಚಿಂತಾಮಣರಾಯರು ಮನೆಯ ಗಣಪತಿಯ ಮೂರ್ತಿಯನ್ನು ತೆಗೆದುಕೊಂಡು, ಆಗ ಸಣ್ಣ ಹಳ್ಳಿಯಾಗಿದ್ದ ಸಾಂಗಲಿಗೆ ಹೊರಟುಬಂದರು.

ಇದನ್ನು ಕೇವಲ ಭಕ್ತಿಯ ಕಾರ್ಯವೆಂದು ತಿಳಿದರೆ ತಪ್ಪಾದೀತು. ಹಿಂದೂ ಕುಟುಂಬದಲ್ಲಿ ಮನೆದೇವರ ಪೂಜೆ ಯಾರ ಕೈಯಲ್ಲಿದೆಯೋ ಅವರೇ ಹಿರಿಯರು. ಕೋಟೆಯನ್ನು ಕಳೆದುಕೊಂಡವರು ಹಿರಿತನವನ್ನು ಬಿಟ್ಟುಕೊಡಲಿಲ್ಲ. ಸಾಂಗಲಿಯಲ್ಲಿ ಅವರು ಕಟ್ಟಿಸಿದ ಕೋಟೆಗೆ ಗಣೇಶದುರ್ಗವೆಂದೇ ಹೆಸರು. ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ನದಿಯ ದಂಡೆಯ ಮೇಲೆ ಪೂರ್ಣಗೊಂಡ ಕಲ್ಲಿನ ಗುಡಿ ಪಂಚಾಯತನದ್ದು. ನಡುವೆ ಗಣಪತಿ, ಸುತ್ತ ಚಿಂತಾಮಣೇಶ್ವರ, ಚಿಂತಾಮಣೇಶ್ವರಿ, ಸೂರ್ಯನಾರಾಯಣ, ಲಕ್ಷ್ಮೀನಾರಾಯಣ. ಶಿವನೂ ಶಕ್ತಿಯೂ ದೊರೆಯ ಹೆಸರನ್ನೇ ಹೊತ್ತುಕೊಂಡದ್ದು ಗಮನಾರ್ಹ. ಮನೆತನದ ಗಂಡುಮಕ್ಕಳ ಹೆಸರುಗಳಾದರೂ ಅಷ್ಟೆ: ಚಿಂತಾಮಣ, ಧುಂಡಿರಾಜ, ವಿನಾಯಕ, ಗಣಪತಿ. ಎಲ್ಲವೂ ಒಂದೇ ದೇವರ ನಾಮಾವಳಿಯಿಂದ ಆಯ್ದವು. ಭಾದ್ರಪದದ ಚೌತಿಗೆ ಮುನ್ನವೇ ಸದ್ದಿಲ್ಲದೆ ಬಂದು ಕೂಡುವ ‘ಚೋರ ಗಣಪತಿ’ಯ ಪದ್ಧತಿ ಸಾಂಗಲಿಯಲ್ಲಿ ಇಂದಿಗೂ ಇದೆ. ಚೌತಿಯಂದು ಊರಿನ ಗಣಪತಿ ಗದ್ದಲದಿಂದ ಬರುತ್ತಾನೆ. ಈತ ಮಾತ್ರ ಕಳ್ಳಹೆಜ್ಜೆಯಲ್ಲಿ ಬರುವ ಮನೆಯವನು.

ಒಳಮನೆಯ ಹೆಂಗಸರ ಬದುಕನ್ನು ಕುರಿತು ಬಖೈರುಗಳು ಹೆಚ್ಚು ಹೇಳುವುದಿಲ್ಲ. ಹಿಂದಿನ ಶತಮಾನದ ಒಂದು ಪ್ರಸಂಗ ಮಾತ್ರ ಮರೆವಿನಿಂದ ಪಾರಾಗಿ ಬಂದಿದೆ. ತಾಸಗಾವದ ಪರಶುರಾಮಭಾವೂ ಧಾರವಾಡದ ಕೋಟೆಗೆ ತಿಂಗಳುಗಟ್ಟಲೆ ಮುತ್ತಿಗೆ ಹಾಕಿದ ಸೇನಾನಿ. ಅವರ ಮಗಳು ಮದುವೆಯಾದ ಕೆಲವೇ ದಿನಗಳಲ್ಲಿ, ಇನ್ನೂ ಬಾಲೆಯಾಗಿರುವಾಗಲೇ ವಿಧವೆಯಾದಳು. ತಂದೆ ಆಕೆಗೆ ಮರುಮದುವೆ ಮಾಡುವ ಯೋಚನೆಯಿಂದ ಶಾಸ್ತ್ರಿಗಳ ಅಭಿಪ್ರಾಯ ಕೇಳಿದರೆಂದೂ, ಸ್ವಂತ ಮನೆಯಿಂದಲೇ ಎದ್ದ ವಿರೋಧಕ್ಕೆ ಮಣಿದು ಹಿಂದೆ ಸರಿದರೆಂದೂ ಹೇಳುತ್ತಾರೆ. ಮುಂದಿನ ಶತಮಾನದ ವಿಧವಾವಿವಾಹ ಚಳವಳಿಯವರು ಈ ಮಾತನ್ನು ಮತ್ತೆ ಮತ್ತೆ ಎತ್ತಿದರು. ಟಿಪ್ಪುವಿನ ದಂಡಿಗೆ ಹೆದರದ ಸರದಾರ ಪಂಕ್ತಿಬಾಹಿರನಾಗಲು ಹೆದರಿದ.

ಇಂಥ ಸಂಪ್ರದಾಯನಿಷ್ಠ ಮನೆತನದ ಅಂಗಳದಲ್ಲೇ ಮರಾಠಿ ರಂಗಭೂಮಿ ಹುಟ್ಟಿತು. ಅದರ ಬೀಜ ಹೋದದ್ದು ಕನ್ನಡದಿಂದ. 1842ರ ಸುಮಾರಿಗೆ ಕರ್ನಾಟಕದ ಭಾಗವತ ಮೇಳವೊಂದು ಸಾಂಗಲಿಗೆ ಬಂದು ದೊರೆಯ ಮುಂದೆ ಆಟ ಆಡಿತು. ಅದು ಹೊನ್ನಾವರದ ಸಮೀಪದ ಕರ್ಕಿಯ ಮೇಳವೆಂದು ನಮ್ಮ ಯಕ್ಷಗಾನ ವಿದ್ವಾಂಸರು ಗುರುತಿಸುತ್ತಾರೆ. ಭಾಷೆ ಕನ್ನಡ, ಸಭೆ ಮರಾಠಿ; ಆದರೂ ವೇಷ, ಕುಣಿತ, ಭಾಗವತರ ಹಾಡು ಅಪ್ಪಾಸಾಹೇಬರ ಮನಸ್ಸನ್ನು ಹಿಡಿದವು. ಇಂಥದನ್ನು ಮರಾಠಿಯಲ್ಲಿ ಮಾಡಬೇಕೆಂದು ಅವರು ಆಶ್ರಿತರಾದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರ ನವೆಂಬರ 5ರಂದು ‘ಸೀತಾಸ್ವಯಂವರ’ ರಂಗಕ್ಕೆ ಬಂತು. ಆ ದಿನವನ್ನು ಇಂದು ಮರಾಠಿ ರಂಗಭೂಮಿ ದಿನವೆಂದು ಆಚರಿಸುತ್ತಾರೆ. ಸೂತ್ರಧಾರನ ಹಾಡು, ವಿದೂಷಕನ ಚೇಷ್ಟೆ, ರಾಕ್ಷಸರ ಅಬ್ಬರ ಇವುಗಳಲ್ಲಿ ನಮ್ಮ ಬಯಲಾಟವನ್ನು ಕಂಡವರಿಗೆ ನೆಂಟಸ್ತಿಕೆ ಹೊಳೆಯದೆ ಇರದು. 1851ರಲ್ಲಿ ಅಪ್ಪಾಸಾಹೇಬರು ತೀರಿಕೊಂಡ ಮೇಲೆ ಆಸ್ಥಾನದ ಆಶ್ರಯ ತಪ್ಪಿತು. ಭಾವೆಯವರು ಮಂಡಳಿಯನ್ನು ಕಟ್ಟಿಕೊಂಡು ಊರೂರು ತಿರುಗಬೇಕಾಯಿತು, 1853ರಲ್ಲಿ ಮುಂಬಯಿಗೂ ಮುಟ್ಟಿದರು. ಒಬ್ಬ ದೊರೆಯ ಅಭಿರುಚಿಯನ್ನೇ ನಂಬಿದ್ದ ಕಲೆ ಹೀಗೆ ಟಿಕೀಟು ಕೊಳ್ಳುವ ಜನರ ಕಲೆಯಾಯಿತು. ಮುಂದೆ ಮರಾಠಿ ನಾಟಕ ಮಂಡಳಿಗಳು ಧಾರವಾಡ ಸೀಮೆಯನ್ನು ತುಂಬಿಕೊಂಡಾಗ, 1870ರ ದಶಕದಲ್ಲಿ ಗದಗಿನ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಲು ಹೊರಟರು. ಕೊಟ್ಟ ಸಾಲವನ್ನು ಹೀಗೆ ಹೋರಾಡಿ ವಸೂಲು ಮಾಡಬೇಕಾಯಿತು!

ಮಿರಜದ ಆಸ್ಥಾನದ ಒಲವು ಸಂಗೀತದ ಕಡೆಗೆ. ಪಟಾಕಿಯಿಂದ ಕಣ್ಣಿಗೆ ಪೆಟ್ಟುಬಿದ್ದ ಕುರುಂದವಾಡದ ಬಾಲಕ ವಿಷ್ಣು ದಿಗಂಬರ ಪಲುಸ್ಕರರು ಬಾಳಕೃಷ್ಣಬುವಾ ಅವರಲ್ಲಿ ಕಲಿತದ್ದು ಇಲ್ಲಿಯೇ, ಅರಮನೆಯ ನೆರವಿನಿಂದ. ಸಿತಾರ, ತಂಬೂರಿಗಳನ್ನು ಮಾಡುವ ಮನೆತನಗಳೂ ಆ ಆಶ್ರಯದಲ್ಲಿ ಬೇರೂರಿದವು.

ಇನ್ನು ಪಾಲಿನ ಮಾತು. 1818ರಲ್ಲಿ ಪೇಶ್ವೆಯ ರಾಜ್ಯ ಮುಗಿದ ಮೇಲೆ ಪಟವರ್ಧನರು ಕಂಪನಿ ಸರಕಾರದೊಡನೆ ಕರಾರು ಮಾಡಿಕೊಂಡರು. ಸೈನ್ಯ ಒದಗಿಸುವ ಚಾಕರಿಯ ಬದಲಿಗೆ ಸಾಂಗಲಿಯವರು ವರ್ಷಕ್ಕೆ 1,35,000 ರೂಪಾಯಿ ಹುಟ್ಟುವಳಿಯ ನಾಡನ್ನೇ ಬಿಟ್ಟುಕೊಟ್ಟರು; 1820ರಲ್ಲಿ ಹೊಸ ಹುಬ್ಬಳ್ಳಿ ಇಂಗ್ಲಿಷರ ಕೈಸೇರಿದ್ದು ಹೀಗೆ. ಅದೇ ವರ್ಷ ಮಿರಜದ ಮನೆ ನಾಲ್ಕು ಪಾಲಾಯಿತು. ಗಂಡುಸಂತಾನವಿಲ್ಲದೆ ಎರಡು ಪಾಲುಗಳು 1842 ಮತ್ತು 1845ರಲ್ಲಿ ಸರಕಾರಕ್ಕೆ ಜಮೆಯಾದವು. ಉಳಿದವೇ ಹಿರಿಯ, ಕಿರಿಯ ಮಿರಜಗಳು. 1848ರಲ್ಲಿ ತಾಸಗಾವವೂ ಅದೇ ದಾರಿ ಹಿಡಿಯಿತು. ತೊಟ್ಟಿಲು ತೂಗದ ಮನೆಗೆ ರಾಜ್ಯವಿಲ್ಲವೆಂಬ ನಿಯಮ ಇದು. ಧರ್ಮಶಾಸ್ತ್ರದಲ್ಲಿ ದತ್ತಕನೂ ಮಗನೇ. ಕಂಪನಿಯ ಲೆಕ್ಕದಲ್ಲಿ ಅಲ್ಲ. ಇದರ ರುಚಿಯನ್ನು ಕಿತ್ತೂರು 1824ರಲ್ಲೇ ಕಂಡಿತ್ತು. ದತ್ತಕಕ್ಕೆ ಅನುಮತಿ ಸಿಗದ ನರಗುಂದದ ಬಾಬಾಸಾಹೇಬರು 1858ರಲ್ಲಿ ಬಂಡೆದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಜಮಖಂಡಿಯ ಪಟವರ್ಧನರೂ ಆಗ ಸಂಶಯಕ್ಕೊಳಗಾಗಿ ಬಂಧನ ಅನುಭವಿಸಿದರು. ಒಳಮನೆಯಲ್ಲಿ ಮಗು ಹುಟ್ಟುವುದೂ ಹುಟ್ಟದಿರುವುದೂ ಸಾವಿರಾರು ರೈತರ ಒಡೆಯನನ್ನು ಬದಲಿಸುತ್ತಿದ್ದ ಕಾಲ ಅದು. ಆ ರೈತರನ್ನು ಕೇಳಿದವರು ಯಾರೂ ಇಲ್ಲ.

ಆ ಬಂಡಾಯಗಳ ತರುವಾಯ ಸರಕಾರ ಸಂಸ್ಥಾನಿಕರಿಗೆ ದತ್ತಕದ ಸನದುಗಳನ್ನು ಕೊಟ್ಟಿತು. ಇದರ ಬೆಲೆ ಸಾಂಗಲಿಗೆ ತಿಳಿದದ್ದು ನಾಲ್ಕು ದಶಕಗಳ ಮೇಲೆ. ಅಪ್ಪಾಸಾಹೇಬರ ಮಗ ಧುಂಡಿರಾವ್ ತಾತ್ಯಾಸಾಹೇಬರು 1901ರಲ್ಲಿ ಉತ್ತರಾಧಿಕಾರಿಯಿಲ್ಲದೆ ತೀರಿಕೊಂಡರು. 1903ರಲ್ಲಿ ಮನೆತನದೊಳಗಿನ ವಿನಾಯಕನೆಂಬ ಬಾಲಕನನ್ನು ಆರಿಸಿ, ಗಾದಿಗೆ ತಂದು, ಚಿಂತಾಮಣರಾವ್ ಎಂದು ಹೆಸರಿಟ್ಟರು. ಮರಿಮಗನ ಪೀಳಿಗೆಯವರು ಮುತ್ತಜ್ಜನ ಹೆಸರು ಹೊತ್ತು, ಅದೇ ‘ಅಪ್ಪಾಸಾಹೇಬ’ ಎಂಬ ಕರೆಯನ್ನೂ ಪಡೆದು, ಅದೇ ದೇವರ ಮುಂದೆ ಕುಳಿತರು. ತಾಸಗಾವದ ಗಾದಿ ಅರ್ಧ ಶತಮಾನದ ಹಿಂದೆ ಕಳೆದುಕೊಂಡಿದ್ದನ್ನು ಸಾಂಗಲಿ ಒಂದು ಕಾಗದದ ಬಲದಿಂದ ಉಳಿಸಿಕೊಂಡಿತು.

1948ರ ಮಾರ್ಚ 8ರಂದು ಈ ಸಂಸ್ಥಾನಗಳೆಲ್ಲ ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. ಸಾಂಗಲಿಯವರ ಪಾಲಿನ ಶಿರಹಟ್ಟಿಯೂ ಮಿರಜದವರ ಪಾಲಿನ ಲಕ್ಷ್ಮೇಶ್ವರವೂ ಧಾರವಾಡ ಜಿಲ್ಲೆಗೆ ಬಂದು ಒಂದೇ ತಾಲೂಕಿನೊಳಗೆ ಕೂಡಿದವು. ಎರಡೂರುಗಳ ನಡುವಿನ ದಾರಿ ಎತ್ತಿನ ಬಂಡಿಗೆ ಒಂದು ಹಗಲಿನದು.